ಸೇವೆಯ ದರವನ್ನು ಮೊದಲೇ ಪ್ರಕಟಿಸಬೇಕೆ? ಸ್ವತಂತ್ರ ಅಂಗಮರ್ದನ ಸೇವೆಯ ನಿದರ್ಶನದಿಂದ ಒಂದು ಅಭ್ಯಾಸ

ಸಿಂದಗಿಯ ನನ್ನ ಕಕ್ಷಿದಾರರೊಬ್ಬರು ಬೇಳೆ ಗಿರಣಿಯ ಮಾಲೀಕರು. ಒಮ್ಮೆ ಲೆಕ್ಕಪತ್ರದ ಕೆಲಸ ಮುಗಿದ ಮೇಲೆ ಅವರು ತುಸು ಸಂಕೋಚದಿಂದ ಒಂದು ಪ್ರಶ್ನೆ ಕೇಳಿದರು. ಅವರ ಮಗಳ ಬಾಣಂತನ ಆಗಷ್ಟೇ ಮುಗಿದಿತ್ತು. ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ, ಮೈ ತಿಕ್ಕಿ, ಎರೆಯುವುದಕ್ಕೆ ಓಣಿಯ ಹಿರಿಯ ಹೆಣ್ಣುಮಗಳೊಬ್ಬರು ನಲವತ್ತು ದಿನ ತಪ್ಪದೆ ಬಂದಿದ್ದರು. ಅವರಿಗೆ ಎಷ್ಟು ಕೊಡಬೇಕೆಂಬುದೇ ಪ್ರಶ್ನೆ. ಕೇಳಿದರೆ ಆಕೆ "ತಿಳಿದಷ್ಟು ಕೊಡ್ರಿ ಸಾವ್ಕಾರ್ರ" ಎಂದಷ್ಟೇ ಹೇಳಿದ್ದರು.

ಗಿರಣಿಯ ವಿದ್ಯುತ್ತಿನ ಯೂನಿಟ್ ದರ, ಚೀಲವೊಂದರ ಹಮಾಲಿ, ಲಾರಿ ಬಾಡಿಗೆ ಇವೆಲ್ಲ ಬಾಯಿಪಾಠವಿದ್ದ ಆ ಗೃಹಸ್ಥರಿಗೆ ಈ ಒಂದು ಸೇವೆಯ ದರ ಮಾತ್ರ ತಿಳಿದಿರಲಿಲ್ಲ. ಒಂದು ಸೀರೆ, ಕುಬಸದ ಕಣ ಹಾಗೂ 3,600 ರೂ. ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಭಾಗಿಸಿ ನೋಡಿದಾಗ ಅದು ದಿನಕ್ಕೆ 90 ರೂ. ಆಯಿತು. ದಿನದ ಕೆಲಸವೋ ಸುಮಾರು ಎರಡು ಗಂಟೆಯದು. ಲೆಕ್ಕ ಕಣ್ಣಿಗೆ ಬಿದ್ದೊಡನೆ ಅವರೇ ಮೊತ್ತವನ್ನು ಇಮ್ಮಡಿಗಿಂತ ಹೆಚ್ಚಿಸಿದರು. ಅವರಲ್ಲಿ ಜಿಪುಣತನವಿರಲಿಲ್ಲ, ಅಳತೆಗೋಲು ಇರಲಿಲ್ಲ.

ಈ ಘಟನೆಯೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ. ಸ್ವತಂತ್ರವಾಗಿ ಅಂಗಮರ್ದನ, ಅಂದರೆ ಮಾಲೀಶಿನ ಸೇವೆ ನೀಡುವವರು ತಮ್ಮ ದರವನ್ನು ಮೊದಲೇ ಬಹಿರಂಗಪಡಿಸಬೇಕೆ ಎಂಬುದು ಇಲ್ಲಿಯ ಪ್ರಶ್ನೆ. ಇದು ಅವರೊಬ್ಬರ ಪ್ರಶ್ನೆಯಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಮೋಟಾರು ರಿವೈಂಡಿಂಗ್ ಮಾಡುವವರು, ಲೇತ್ ಮತ್ತು ವೆಲ್ಡಿಂಗ್ ಕಾರ್ಯಾಗಾರದವರು, ಬೇರೆಯವರ ಮಾಲನ್ನು ಸಂಸ್ಕರಿಸಿಕೊಡುವ ಗಿರಣಿಯವರು, ಹೀಗೆ ನಮ್ಮ ಸದಸ್ಯರಲ್ಲಿ ಅನೇಕರು ಸರಕಿಗಿಂತ ಸೇವೆಯನ್ನೇ ಮಾರುತ್ತಾರೆ. ಅಂಗಮರ್ದನದ ನಿದರ್ಶನದಲ್ಲಿ ಸಮಸ್ಯೆಯು ಸ್ಪಷ್ಟವಾಗಿ ಕಾಣುವುದರಿಂದ ಅದನ್ನೇ ಮುಂದಿಟ್ಟುಕೊಳ್ಳಲಾಗಿದೆ.

1. ನಮ್ಮಲ್ಲಿದ್ದ ಎರಡು ಪದ್ಧತಿಗಳು

ಬಹಿರಂಗ ದರವು ಹೊರಗಿನಿಂದ ಬಂದ ಹೊಸ ಕಲ್ಪನೆಯೆಂದು ಕೆಲವರು ಭಾವಿಸುತ್ತಾರೆ. ಅದು ಸರಿಯಲ್ಲ. ನಮ್ಮ ಗ್ರಾಮಗಳಲ್ಲಿದ್ದ ಆಯದ ಪದ್ಧತಿಯಲ್ಲಿ ಬಡಿಗ, ಕಮ್ಮಾರ, ಕ್ಷೌರಿಕ, ಮಡಿವಾಳ ಮೊದಲಾದ ಆಯಗಾರರಿಗೆ ಸುಗ್ಗಿಯ ಕಾಲಕ್ಕೆ ಕಣದಲ್ಲಿ ರಾಶಿಯಿಂದ ಕಾಳು ಅಳೆದು ಕೊಡಲಾಗುತ್ತಿತ್ತು. ಯಾರಿಗೆ ಎಷ್ಟು ಅಳತೆ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಆ ವ್ಯವಸ್ಥೆ ಜಾತಿಗೆ ಕಟ್ಟುಬಿದ್ದಿತ್ತು, ಕೆಲಸವನ್ನು ನಿರಾಕರಿಸುವ ಸ್ವಾತಂತ್ರ್ಯ ಆಯಗಾರನಿಗಿರಲಿಲ್ಲ; ಆದ್ದರಿಂದ ಅದು ಮರಳಿ ಬರಬೇಕೆಂದು ಯಾರೂ ಬಯಸಲಾರರು. ಆದರೆ ಪ್ರತಿಫಲದ ಅಳತೆ ಮಾತ್ರ ಬಯಲಿನಲ್ಲಿತ್ತು.

ಇದಕ್ಕೆ ವಿರುದ್ಧವಾದುದು ಪೇಟೆಯ ಹಳೆಯ ಪದ್ಧತಿ. ಕೈಮೇಲೆ ವಸ್ತ್ರ ಹೊದಿಸಿ, ಅದರ ಕೆಳಗೆ ಬೆರಳು ಮುಟ್ಟಿ ದಲಾಲರೂ ಖರೀದಿದಾರರೂ ದರ ಕುದುರಿಸುತ್ತಿದ್ದರು. ಮಾಲಿನ ಒಡೆಯನಾದ ರೈತ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಕೃಷಿ ಕುರಿತ ರಾಯಲ್ ಆಯೋಗವು 1928ರ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳನ್ನು ಶಿಫಾರಸು ಮಾಡಿತು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ 1939ರ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಅಧಿನಿಯಮ, ಏಕೀಕರಣದ ನಂತರ 1966ರ ಕರ್ನಾಟಕ ಅಧಿನಿಯಮ ಬಂದವು. 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ವಿದ್ಯುನ್ಮಾನ ಟೆಂಡರು ಜಾರಿಗೆ ಬಂದಿತು. ವಸ್ತ್ರದ ಕೆಳಗಿನ ದರವನ್ನು ಹೊರಗೆ ತರುವುದಕ್ಕೆ ಇಷ್ಟು ದೀರ್ಘ ಪ್ರಯತ್ನ ನಡೆಯಿತು. ತೊಗರಿಯ ಮಟ್ಟಿಗೆ ನಾವು ಒಪ್ಪಿಕೊಂಡ ತತ್ತ್ವವನ್ನು ಸೇವೆಯ ಮಟ್ಟಿಗೆ ಇನ್ನೂ ಒಪ್ಪಿಕೊಂಡಿಲ್ಲ.

2. ದರ ಮುಚ್ಚಿಟ್ಟರೆ ನಷ್ಟ ಯಾರಿಗೆ?

ದರ ತಿಳಿಯದಿದ್ದರೆ ಗ್ರಾಹಕನಿಗೆ ನಷ್ಟವೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ನಷ್ಟವು, ಆ ಕ್ಷಣದಲ್ಲಿ ಯಾರ ಕೈ ಕೆಳಗಿದೆಯೋ ಅವರದಾಗುತ್ತದೆ.

ಇಂಡಿ ಭಾಗದ ಲಿಂಬೆ ಬೆಳೆಗಾರನೊಬ್ಬನ ಕೊಳವೆಬಾವಿಯ ಮೋಟಾರು ಏಪ್ರಿಲ್ ತಿಂಗಳಲ್ಲಿ ಸುಟ್ಟಿತೆನ್ನೋಣ. ಗಿಡಗಳು ಒಣಗುತ್ತಿವೆ. ಮೋಟಾರು ಬಿಚ್ಚಿದ ನಂತರ ದರ ಹೇಳಿದರೆ ಬೇರೆಡೆ ಒಯ್ಯುವ ಸ್ಥಿತಿಯಲ್ಲಿ ಆತನಿಲ್ಲ. ಇಲ್ಲಿ ಗ್ರಾಹಕನ ಕೈ ಕೆಳಗೆ. ಬಾಣಂತಿಗೆ ಎರೆಯುವ ಹೆಣ್ಣುಮಗಳ ವಿಷಯದಲ್ಲಿ ಇದು ತಲೆಕೆಳಗು. ಕೆಲಸ ಮುಗಿದಿದೆ; ಮಾಡಿದ್ದನ್ನು ಹಿಂದಕ್ಕೆ ಪಡೆಯಲಾಗದು; ಕೇಳಿದರೆ ಆಸೆಬುರುಕಿ ಎಂದಾರೆಂಬ ಅಂಜಿಕೆ. ಇಲ್ಲಿ ದುಡಿದವರ ಕೈ ಕೆಳಗೆ. ಮೊದಲೇ ದರ ಹೇಳಿದ್ದರೆ ಎರಡೂ ಕಡೆ ಈ ಸ್ಥಿತಿ ಬರುತ್ತಿರಲಿಲ್ಲ.

ಅಂಗಮರ್ದನದ ವಿಷಯದಲ್ಲಿ ಇನ್ನೊಂದು ಗಂಭೀರ ಕಾರಣವಿದೆ. ಮನೆಮನೆಗೆ ಹೋಗಿ ಈ ಸೇವೆ ನೀಡುವ ಸ್ತ್ರೀಯರೂ ಪುರುಷರೂ ಕೆಲವೊಮ್ಮೆ ಅನುಚಿತ ಬೇಡಿಕೆಗಳನ್ನು, ಸಂಶಯದ ಮಾತುಗಳನ್ನು ಎದುರಿಸಬೇಕಾಗುತ್ತದೆ. ಯಾವ ಸೇವೆ, ಎಷ್ಟು ಹೊತ್ತು, ಯಾರಿಗೆ, ಎಷ್ಟು ಹಣಕ್ಕೆ ಎಂಬುದು ಲಿಖಿತವಾಗಿದ್ದರೆ ಅದರಾಚೆಗಿನದು ಸೇವೆಯಲ್ಲವೆಂಬುದೂ ತಾನಾಗಿ ಸ್ಪಷ್ಟವಾಗುತ್ತದೆ. ದರಪಟ್ಟಿಯು ಕೆಲಸದ ಎಲ್ಲೆಯನ್ನೂ ಗುರುತಿಸುತ್ತದೆ.

3. ಕಾನೂನಿನ ಸ್ಥಿತಿ

ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸಬೇಕೆಂಬ ನಿಯಮವು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಮತ್ತು 2011ರ ನಿಯಮಗಳಿಂದ ಬಂದದ್ದು. ಅದು ಪೊಟ್ಟಣದ ಸರಕುಗಳಿಗೆ ಸಂಬಂಧಿಸಿದ್ದು, ಸೇವೆಗಳಿಗಲ್ಲ. ಕೆಲವು ಸೇವೆಗಳಿಗೆ ಪ್ರತ್ಯೇಕ ಕಾನೂನುಗಳಿವೆ. ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವು ಶುಲ್ಕಪಟ್ಟಿಯನ್ನು ರೋಗಿಗಳಿಗೆ ತಿಳಿಯುವಂತೆ ಪ್ರದರ್ಶಿಸಬೇಕೆನ್ನುತ್ತದೆ. ಭೌತಚಿಕಿತ್ಸಾ ಕೇಂದ್ರಗಳೂ ಅದರ ವ್ಯಾಪ್ತಿಯಲ್ಲಿವೆ. 2017ರಲ್ಲಿ ಆ ಅಧಿನಿಯಮಕ್ಕೆ ತಿದ್ದುಪಡಿ ತಂದಾಗ ವೈದ್ಯರು ಮುಷ್ಕರ ಹೂಡಿದುದು ವಾಚಕರಿಗೆ ನೆನಪಿರಬಹುದು. ಅಂದಿನ ವಿವಾದದ ಒಂದು ಮುಖ್ಯ ಅಂಶವೆಂದರೆ ಸರ್ಕಾರವು ದರ ನಿಗದಿಪಡಿಸುವ ಪ್ರಸ್ತಾಪ. ದರ ನಿಗದಿಪಡಿಸುವುದು ಬೇರೆ, ತಾನೇ ಗೊತ್ತುಪಡಿಸಿಕೊಂಡ ದರವನ್ನು ತಿಳಿಸುವುದು ಬೇರೆ. ಈ ಲೇಖನ ಎರಡನೆಯದರ ಪರವಾಗಿದೆ.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಎರಡು ಅಂಶಗಳನ್ನು ಸೇವೆ ನೀಡುವವರೆಲ್ಲರೂ ಅರಿತಿರಬೇಕು. ಮೊದಲನೆಯದು, ತಾನೇ ಪ್ರದರ್ಶಿಸಿದ ದರಪಟ್ಟಿಗಿಂತ ಅಥವಾ ಉಭಯತರು ಒಪ್ಪಿಕೊಂಡ ದರಕ್ಕಿಂತ ಹೆಚ್ಚು ಹಣ ಪಡೆದರೆ ಅದು ದೂರಿಗೆ ಆಧಾರವಾಗುತ್ತದೆ. ಎರಡನೆಯದು, ನೀಡಿದ ಸೇವೆಗೆ ನಿಯಮಾನುಸಾರ ಬಿಲ್ಲು ಅಥವಾ ರಸೀದಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ಐದು ಲಕ್ಷ ರೂ. ವರೆಗಿನ ವ್ಯವಹಾರಕ್ಕೆ ಸಂಬಂಧಿಸಿದ ದೂರನ್ನು ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲದೆ ಸಲ್ಲಿಸಬಹುದು. ಆದ್ದರಿಂದ ಫಲಕ ತೂಗುಹಾಕಿ ಮರೆಯುವಂತಿಲ್ಲ. ಮೂರು ವರ್ಷದ ಹಿಂದಿನ ದರ ಗೋಡೆಯ ಮೇಲಿದ್ದು ಇಂದಿನ ದರ ಬಾಯಲ್ಲಿದ್ದರೆ, ಗೋಡೆಯ ಮೇಲಿನದೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

4. ದರ ಗೊತ್ತುಪಡಿಸುವ ಲೆಕ್ಕ

ಅನೇಕರು ದರ ಪ್ರಕಟಿಸದಿರುವುದಕ್ಕೆ ನಿಜವಾದ ಕಾರಣ ಗೋಪ್ಯತೆಯಲ್ಲ. ತಮ್ಮ ದರ ಎಷ್ಟಿರಬೇಕೆಂಬುದು ಅವರಿಗೇ ತಿಳಿಯದಿರುವುದು. ಮನೆಗೆ ಹೋಗಿ ಒಂದು ಗಂಟೆ ಅಂಗಮರ್ದನ ಮಾಡುವ ಒಬ್ಬರ ಲೆಕ್ಕವನ್ನು ಉದಾಹರಣೆಗಾಗಿ ನೋಡೋಣ. ಇಲ್ಲಿಯ ಅಂಕಿಗಳು ಕಲ್ಪಿತ. ಕ್ರಮ ಮಾತ್ರ ಮುಖ್ಯ.

ತಿಂಗಳಿಗೆ ಮನೆ ನಡೆಸಲು ಬೇಕಾದ ಆದಾಯ: 15,000 ರೂ.
ಬಸ್ಸು, ಆಟೋ ವೆಚ್ಚ: 2,000 ರೂ.
ಎಣ್ಣೆ, ಟವೆಲ್ಲು, ಸಾಬೂನು: 1,500 ರೂ.
ದೂರವಾಣಿ ಹಾಗೂ ಇತರೆ: 500 ರೂ.
ಒಟ್ಟು ಗಳಿಸಬೇಕಾದುದು: 19,000 ರೂ.

ತಿಂಗಳಿಗೆ 24 ದಿನ, ದಿನಕ್ಕೆ ಹೆಚ್ಚೆಂದರೆ ನಾಲ್ಕು ಮನೆ. ಒಟ್ಟು ಸಾಮರ್ಥ್ಯ 96 ಭೇಟಿಗಳು. ಆದರೆ ಹಬ್ಬ, ಮಳೆ, ಅನಾರೋಗ್ಯ, ಕೊನೆ ಗಳಿಗೆಯಲ್ಲಿ "ಇವತ್ತು ಬ್ಯಾಡ" ಎನ್ನುವವರು, ಇವೆಲ್ಲ ಕಳೆದು ನಾಲ್ಕರಲ್ಲಿ ಮೂರು ಪಾಲು ಮಾತ್ರ ಕೈಗೂಡುತ್ತದೆಂದರೆ 72 ಭೇಟಿಗಳು. 19,000ವನ್ನು 72ರಿಂದ ಭಾಗಿಸಿದರೆ ಸುಮಾರು 264 ರೂ. ಅದನ್ನು 270 ರೂ. ಎಂದು ಇಟ್ಟುಕೊಳ್ಳಬಹುದು. ಇದೇ ವ್ಯಕ್ತಿ ಅಂದಾಜಿನ ಮೇಲೆ 150 ರೂ. ಪಡೆದರೆ ತಿಂಗಳ ಒಟ್ಟು 10,800 ರೂ.; ವೆಚ್ಚದ 4,000 ರೂ. ಕಳೆದು ಉಳಿಯುವುದು 6,800 ರೂ. ಮಾತ್ರ. ಅಂದರೆ ದಿನವಿಡೀ ದುಡಿದೂ ಬೇಕಾದುದರ ಅರ್ಧವೂ ಕೈಗೆ ಬರಲಿಲ್ಲ.

ಈ ಲೆಕ್ಕದಲ್ಲಿ ಖಾಲಿ ಹೋದ ಹೊತ್ತಿಗೂ ಬೆಲೆಯಿದೆ ಎಂಬುದನ್ನು ಗಮನಿಸಬೇಕು. ನಮ್ಮ ಲೇತ್ ಕಾರ್ಯಾಗಾರಗಳಲ್ಲಿ ದರ ಹಾಕುವಾಗ ಬಿಟ್ಟುಹೋಗುವುದು ಇದೇ. ಯಂತ್ರ ನಡೆದ ಗಂಟೆಗೆ ಲೆಕ್ಕ ಹಾಕುತ್ತಾರೆ. ಕರೆಂಟಿಲ್ಲದೆ ನಿಂತ ಗಂಟೆಯನ್ನು ಮರೆಯುತ್ತಾರೆ. ದರವನ್ನು ಬರೆದು ಹಾಕಬೇಕೆಂದು ಹೊರಟಾಗ ಈ ಲೆಕ್ಕ ಅನಿವಾರ್ಯವಾಗುತ್ತದೆ. ಪ್ರಕಟಣೆಯ ಮೊದಲ ಲಾಭ ಪ್ರಕಟಿಸುವವರಿಗೇ ದೊರೆಯುವುದು ಹೀಗೆ.

5. ಆಕ್ಷೇಪಣೆಗಳು ಮತ್ತು ಸಮಾಧಾನ

"ಪಕ್ಕದವರು ನನ್ನ ದರ ನೋಡಿ ಹತ್ತು ರೂಪಾಯಿ ಕಡಿಮೆ ಮಾಡುತ್ತಾರೆ." ಇದರಲ್ಲಿ ಸತ್ಯಾಂಶವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಲೀ ಬೆನ್‌ಹ್ಯಾಮ್ 1972ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡಕದ ಜಾಹೀರಾತನ್ನು ನಿಷೇಧಿಸಿದ್ದ ರಾಜ್ಯಗಳಲ್ಲಿ ಕನ್ನಡಕದ ಬೆಲೆ ಇತರ ರಾಜ್ಯಗಳಿಗಿಂತ ಹೆಚ್ಚಾಗಿತ್ತೆಂದು ತೋರಿಸಿತು. ಮಾಹಿತಿ ಹೊರಬಂದಾಗ ಬೆಲೆ ಇಳಿಯುವುದುಂಟು. ಆದರೆ ಕನ್ನಡಕದಂತಹ ವಸ್ತುವಿಗೂ ಕೈಯ ಕಸುಬಿಗೂ ವ್ಯತ್ಯಾಸವಿದೆ. ಬರಿಯ ಅಂಕಿ ಬರೆದರೆ ಬರಿಯ ಅಂಕಿಯನ್ನೇ ಹೋಲಿಸುತ್ತಾರೆ. ಎಷ್ಟು ಹೊತ್ತು, ಯಾವ ಎಣ್ಣೆ, ಎಷ್ಟು ವರ್ಷದ ಅನುಭವ ಎಂಬುದನ್ನೂ ಬರೆದರೆ ಹೋಲಿಕೆ ನ್ಯಾಯವಾಗಿರುತ್ತದೆ. ಇಷ್ಟಾಗಿಯೂ ಬಾಯಿಮಾತಿನ ದರವು ಪಕ್ಕದವರಿಗೆ ಗೊತ್ತಿಲ್ಲವೆಂಬುದು ಭ್ರಮೆ. ನಮ್ಮಂತಹ ಊರುಗಳಲ್ಲಿ ಅದು ಸಂಜೆಯೊಳಗೆ ತಲುಪಿರುತ್ತದೆ. ಗೊತ್ತಿಲ್ಲದಿರುವುದು ಗ್ರಾಹಕನಿಗೆ ಮಾತ್ರ.

"ಪ್ರತಿ ಕೆಲಸವೂ ಬೇರೆ, ನೋಡದೆ ಹೇಳುವುದು ಹೇಗೆ?" ರಿವೈಂಡಿಂಗ್, ಯಂತ್ರ ದುರಸ್ತಿಗಳಲ್ಲಿ ಇದು ಯುಕ್ತವಾದ ಮಾತು. ಅಲ್ಲಿ ಒಟ್ಟು ದರದ ಬದಲು ಮೂರು ಸಂಗತಿಗಳನ್ನು ಪ್ರಕಟಿಸಬಹುದು: ಬಿಚ್ಚಿ ನೋಡುವ ಶುಲ್ಕ, ಅಶ್ವಶಕ್ತಿಗೆ ಅನುಗುಣವಾದ ಕೂಲಿ, ಹಾಗೂ ತಂತಿ ಮತ್ತು ಬಿಡಿಭಾಗಗಳಿಗೆ ಬೆಲೆ ಹಾಕುವ ವಿಧಾನ. ಅಂದಾಜು ಪಟ್ಟಿಗೆ ಗ್ರಾಹಕನ ಒಪ್ಪಿಗೆ ಪಡೆಯದೆ ಮುಂದಿನ ಕೆಲಸ ಹಿಡಿಯುವುದಿಲ್ಲ ಎಂಬ ಒಂದು ಸಾಲನ್ನು ಸೇರಿಸಿದರೆ ಅರ್ಧ ತಗಾದೆ ಕಡಿಮೆಯಾಗುತ್ತದೆ.

"ಸಂಬಂಧದ ನಡುವೆ ದರ ಹೇಳುವುದು ಹೇಗೆ?" ಬಾಣಂತಿಗೆ ಎರೆಯುವಂತಹ ಸೇವೆಯಲ್ಲಿ ಮಮತೆಯಿದೆ, ಉಡುಗೊರೆಯಿದೆ. ಅದು ಹಾಗೆಯೇ ಇರಲಿ. ಸೀರೆ, ಕುಬಸದ ಕಣ, ಜೋಳ ಇವು ಮನೆಯವರ ಸಂತೋಷಕ್ಕೆ ಸೇರಿದವು. ಕೂಲಿಯ ಸ್ಥಾನವನ್ನು ಅವು ತುಂಬಬಾರದು. ಕಾಯಕಕ್ಕೆ ಗೌರವ ತಂದುಕೊಟ್ಟ ಬಸವಣ್ಣನವರು ಹುಟ್ಟಿದ ನೆಲದಲ್ಲಿ, ಮಾಡಿದ ಕಾಯಕಕ್ಕೆ ಪ್ರತಿಫಲ ಕೇಳಲು ಒಬ್ಬರು ನಾಚಬೇಕಾಗಿ ಬಂದರೆ ಆ ನಾಚಿಕೆ ಕೇಳುವವರದಲ್ಲ.

"ವೃತ್ತಿಯ ಘನತೆಗೆ ಕುಂದಲ್ಲವೇ?" ಈ ಪ್ರಶ್ನೆಯನ್ನು ನನ್ನ ವೃತ್ತಿಬಾಂಧವರೂ ಕೇಳಿಯಾರು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಅಧಿನಿಯಮವು ಜಾಹೀರಾತಿನ ಮೂಲಕ ಕೆಲಸ ಯಾಚಿಸುವುದನ್ನು ವೃತ್ತಿ ದುರ್ನಡತೆಯ ಪಟ್ಟಿಯಲ್ಲಿ ಸೇರಿಸಿದೆ. ನಾನು ಕಚೇರಿಯ ಮುಂದೆ ದರಪಟ್ಟಿ ತೂಗುಹಾಕುವುದಿಲ್ಲ. ಆದರೆ ಕೆಲಸ ಹಿಡಿಯುವ ಮುನ್ನ ಶುಲ್ಕವನ್ನು ಪತ್ರದಲ್ಲಿ ಬರೆದು ಕೊಡುತ್ತೇನೆ. ಪ್ರಚಾರಕ್ಕೂ ಪೂರ್ವಸೂಚನೆಗೂ ಇರುವ ಅಂತರ ಇಷ್ಟೇ. ಗೋಡೆಯ ಮೇಲೆ ಬರೆಯಲಾಗದವರು ಕೈಯಲ್ಲಿ ಚೀಟಿ ಕೊಡಬಹುದು.

6. ಸಂಘದ ಫಲಕ: ಒಂದು ಎಚ್ಚರಿಕೆ

ನಮ್ಮ ಪೇಟೆಗಳ ಕೆಲವು ಅಂಗಡಿಗಳಲ್ಲಿ "ಸಂಘದ ದರಪಟ್ಟಿ" ಎಂಬ ಶೀರ್ಷಿಕೆಯ ಮುದ್ರಿತ ಫಲಕಗಳನ್ನು ಕಾಣುತ್ತೇವೆ. ಎಲ್ಲರೂ ಒಂದೇ ದರ ಪಡೆಯಬೇಕೆಂದು ಒಪ್ಪಂದ ಮಾಡಿಕೊಳ್ಳುವುದು 2002ರ ಸ್ಪರ್ಧಾ ಅಧಿನಿಯಮದ 3ನೆಯ ಕಲಮಿಗೆ ಎಡೆಗೊಡುತ್ತದೆ. ಒಂದೇ ಬಗೆಯ ಉದ್ಯಮದಲ್ಲಿರುವವರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಬೆಲೆ ಗೊತ್ತುಪಡಿಸಿಕೊಂಡರೆ ಅದು ಸ್ಪರ್ಧೆಗೆ ಮಾರಕವೆಂದೇ ಕಾನೂನು ಭಾವಿಸುತ್ತದೆ. ಸಂಘಗಳ ತೀರ್ಮಾನಕ್ಕೂ ಇದು ಅನ್ವಯಿಸುತ್ತದೆ.

ಡೆನ್ಮಾರ್ಕಿನ ಅನುಭವವೊಂದು ಇಲ್ಲಿ ಬೋಧಪ್ರದವಾಗಿದೆ. ಅಲ್ಲಿಯ ಸ್ಪರ್ಧಾ ಪ್ರಾಧಿಕಾರವು 1993ರಲ್ಲಿ, ಸ್ಪರ್ಧೆ ಹೆಚ್ಚಲೆಂಬ ಸದುದ್ದೇಶದಿಂದ, ರೆಡಿಮಿಕ್ಸ್ ಕಾಂಕ್ರೀಟ್ ಕಂಪನಿಗಳು ಗ್ರಾಹಕರಿಂದ ಪಡೆದ ವಾಸ್ತವ ದರಗಳನ್ನು ಪ್ರಕಟಿಸತೊಡಗಿತು. ಒಂದು ವರ್ಷದೊಳಗೆ ಬೆಲೆ ಇಳಿಯುವ ಬದಲು ಶೇ. 15ರಿಂದ 20ರಷ್ಟು ಏರಿತು. ಕೆಲವೇ ಮಾರಾಟಗಾರರಿದ್ದಲ್ಲಿ ಪರಸ್ಪರರ ದರ ತಿಳಿದದ್ದು ರಿಯಾಯಿತಿ ನಿಲ್ಲಿಸಲು ನೆರವಾಯಿತು. ಹಾಗಾಗಿ ಪ್ರಕಟಣೆ ಗ್ರಾಹಕನ ಕಡೆ ಮುಖಮಾಡಿರಬೇಕು. ಸಹವ್ಯಾಪಾರಿಗಳೊಡನೆ ಹೊಂದಿಸಿಕೊಳ್ಳುವ ಸಾಧನವಾಗಬಾರದು. ಸಂಘವು ಫಲಕದ ನಮೂನೆ ಕೊಡಬಹುದು, ಲೆಕ್ಕದ ಕ್ರಮ ಕಲಿಸಬಹುದು. ಅಂಕಿಯನ್ನು ಮಾತ್ರ ಪ್ರತಿಯೊಬ್ಬರೂ ತಾವೇ ತುಂಬಿಕೊಳ್ಳಬೇಕು.

7. ತೆರಿಗೆಯ ಭಯ

ದರ ಬರೆದರೆ ತೆರಿಗೆ ಇಲಾಖೆಯ ಕಣ್ಣು ಬೀಳುತ್ತದೆಂಬ ಅಳುಕು ಹಲವರಲ್ಲಿದೆ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ನೀಡಿದ ಪ್ರಸಂಗ ಈ ಅಳುಕನ್ನು ಹೆಚ್ಚಿಸಿತು. ಆದರೆ ಆ ಪ್ರಸಂಗ ಕಲಿಸುವ ಪಾಠ ಬೇರೆ. ವಹಿವಾಟಿನ ಮಾಹಿತಿ ಬ್ಯಾಂಕಿನಿಂದಲೇ ದೊರೆಯುತ್ತದೆ, ಗೋಡೆಯ ಫಲಕದಿಂದಲ್ಲ.

ಸೇವೆ ನೀಡುವವರಿಗೆ ಸಾಮಾನ್ಯವಾಗಿ ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದಾಗ ಜಿ.ಎಸ್.ಟಿ. ನೋಂದಣಿ ಕಡ್ಡಾಯ. ಮೇಲಿನ ಉದಾಹರಣೆಯಲ್ಲಿ ವರ್ಷದ ವಹಿವಾಟು 2,33,280 ರೂ.; ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ. ನೋಂದಾಯಿತ ಸಲೂನು, ಅಂಗಮರ್ದನ ಕೇಂದ್ರ, ವ್ಯಾಯಾಮಶಾಲೆಗಳಂತಹ ಸೌಂದರ್ಯ ಮತ್ತು ದೇಹಾರೋಗ್ಯದ ಸೇವೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆಯನ್ನು ಶೇ. 18ರಿಂದ ಶೇ. 5ಕ್ಕೆ ಇಳಿಸಲಾಗಿದೆ, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಮಾತ್ರ ಸಿಗದು. ಇಂತಹವರು ತೆರಿಗೆ ಸೇರಿದ ದರವನ್ನೇ ಬರೆಯುವುದು ಉತ್ತಮ. 525 ರೂ. ಎಂದು ಬರೆದರೆ ಅದರಲ್ಲಿ 105ಕ್ಕೆ 5ರ ಪ್ರಮಾಣದಲ್ಲಿ 25 ರೂ. ತೆರಿಗೆ, 500 ರೂ. ಸೇವೆಯ ಮೌಲ್ಯ. ರಾಜಿ ತೆರಿಗೆ ಪದ್ಧತಿಯಲ್ಲಿರುವವರು ತೆರಿಗೆಯನ್ನು ಗ್ರಾಹಕನಿಂದ ಪ್ರತ್ಯೇಕವಾಗಿ ಪಡೆಯುವಂತಿಲ್ಲವಾದ್ದರಿಂದ ದರ ಗೊತ್ತುಪಡಿಸುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿದಿರಬೇಕು.

8. ಫಲಕದಲ್ಲಿ ಏನಿರಬೇಕು?

ಅ) ಸೇವೆಯ ಹೆಸರು ಮತ್ತು ಅವಧಿ. "ಮಾಲೀಶು" ಎಂದಷ್ಟೇ ಅಲ್ಲ. "ಬಾಣಂತಿ ಮತ್ತು ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದು, ಎರಡು ಗಂಟೆ" ಎಂದಿರಬೇಕು.

ಆ) ಒಟ್ಟು ದರ, ಎಲ್ಲ ಸೇರಿ. ಎಣ್ಣೆ ಯಾರದು, ಹೋಗಿಬರುವ ವೆಚ್ಚ ಯಾರದು ಎಂಬುದೂ ಸ್ಪಷ್ಟವಿರಲಿ. ಕೆಲಸ ಮುಗಿದ ಮೇಲೆ ಒಂದೊಂದೇ ಸೇರಿಸುವುದು ವಿಶ್ವಾಸವನ್ನು ಕೆಡಿಸುತ್ತದೆ. ಆನ್‌ಲೈನ್ ವ್ಯಾಪಾರದಲ್ಲಿ ಹೀಗೆ ಹನಿಹನಿಯಾಗಿ ದರ ಏರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನ ಮಾರ್ಗಸೂಚಿಗಳಲ್ಲಿ ನಿಷಿದ್ಧ ಪದ್ಧತಿಗಳ ಪಟ್ಟಿಗೆ ಸೇರಿಸಿದೆ.

ಇ) ಒಟ್ಟಾಗಿ ಗೊತ್ತುಮಾಡಿಕೊಂಡರೆ ರಿಯಾಯಿತಿ. ನಲವತ್ತು ದಿನಕ್ಕೆ ಒಂದು ದರ, ಬಿಡಿ ದಿನಕ್ಕೆ ಇನ್ನೊಂದು. ಚೌಕಾಸಿಯಲ್ಲಿ ಮನಬಂದಂತೆ ಬಿಡುವುದಕ್ಕಿಂತ ಎಲ್ಲರಿಗೂ ಅನ್ವಯಿಸುವ ರಿಯಾಯಿತಿ ಲೇಸು.

ಈ) ಹಣ ಯಾವಾಗ. ವಾರಕ್ಕೊಮ್ಮೆ ಪಡೆಯುವುದು ಒಳ್ಳೆಯದು. ನಲವತ್ತು ದಿನದ ಬಾಕಿ ಒಮ್ಮೆಗೇ ಕೇಳುವುದು ಇಬ್ಬರಿಗೂ ಭಾರ.

ಉ) ದರ ಜಾರಿಗೆ ಬಂದ ದಿನಾಂಕ. ವರ್ಷಕ್ಕೊಮ್ಮೆ, ಯುಗಾದಿಗೋ ಏಪ್ರಿಲ್ ಒಂದಕ್ಕೋ, ಪರಿಷ್ಕರಿಸುವುದು ರೂಢಿಯಾಗಲಿ.

ಊ) ಬರೆಯಬಾರದ ಸಂಗತಿ. "ಲಕ್ವ ಗುಣಪಡಿಸಲಾಗುವುದು" ಎಂಬಂತಹ ಮಾತು ಫಲಕದಲ್ಲಿ ಇರಕೂಡದು. ಔಷಧ, ಎಣ್ಣೆಗಳಿಂದ ಪಾರ್ಶ್ವವಾಯು ಮೊದಲಾದ ರೋಗಗಳು ವಾಸಿಯಾಗುತ್ತವೆಂದು ಜಾಹೀರುಪಡಿಸುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಅಧಿನಿಯಮ ನಿಷೇಧಿಸುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಳಗಿನ ತೀರ್ಮಾನಕ್ಕೆ ಬರಬಹುದು. ಸ್ವತಂತ್ರವಾಗಿ ಸೇವೆ ನೀಡುವವರು, ಅಂಗಮರ್ದನದವರಾಗಲಿ ಕಾರ್ಯಾಗಾರದವರಾಗಲಿ, ತಮ್ಮ ದರವನ್ನು ಕೆಲಸಕ್ಕೆ ಮೊದಲೇ ತಿಳಿಸುವುದು ಯುಕ್ತ. ಅದು ಲೆಕ್ಕ ಹಾಕಿದ ದರವಾಗಿರಬೇಕು, ಸ್ವಂತ ದರವಾಗಿರಬೇಕು, ದಿನಾಂಕವಿರುವ ದರವಾಗಿರಬೇಕು. ಒಟ್ಟು ದರ ಹೇಳಲಾಗದಲ್ಲಿ ದರ ಹಾಕುವ ವಿಧಾನವನ್ನಾದರೂ ಹೇಳಬೇಕು.

ಕೊನೆಯದಾಗಿ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ದರ ಕೇಳುವುದು ಗ್ರಾಹಕನ ಹಕ್ಕು ಹೇಗೋ ಹಾಗೆಯೇ ಕೆಲವು ಸಂದರ್ಭಗಳಲ್ಲಿ ಅವನ ಕರ್ತವ್ಯವೂ ಹೌದು. ತಮ್ಮ ಮನೆಗೆ ಇಂತಹ ಸೇವೆಗಾಗಿ ಬರುವವರು ತಾವಾಗಿ ದರ ಹೇಳಲು ಹಿಂಜರಿದರೆ, ಮೊದಲ ದಿನವೇ ಅವರನ್ನು ಕೂರಿಸಿ, ಎಷ್ಟು ಹೊತ್ತಿನ ಕೆಲಸ, ದಿನಕ್ಕೆ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. "ತಿಳಿದಷ್ಟು ಕೊಡ್ರಿ" ಎಂಬ ಉತ್ತರ ಬಂದರೆ, ನಾಲ್ಕನೆಯ ವಿಭಾಗದ ಲೆಕ್ಕವನ್ನು ಅವರೊಡನೆ ಕುಳಿತು ತಾವೇ ಮಾಡಿರಿ.